ಕಂಪೌಂಡರ ಪಾಳಿ

ಇವತ್ತು ಬೆಳಿಗ್ಗೆ ಚಹಾ ಹಿಡಿದುಕೊಂಡು ಬಾಗಿಲ ಮುಂದಿನ ಕುರ್ಚಿಯಲ್ಲಿ ಕೂತಿದ್ದೆ. ಬಾಗೇವಾಡಿಯಲ್ಲಿ ನನ್ನ ಮಗಳ ಮನೆಯ ಎದುರಿಗೆ ಒಂದು ಸಣ್ಣ ಬಾಡಿಗೆ ಮನೆಯಿದೆ. ಹೊಸದಾಗಿ ಮದುವೆಯಾದವರು ಬಂದಿದ್ದಾರೆ. ಅಂಗಳವಿಲ್ಲ, ಹಿತ್ತಲಿಲ್ಲ; ಆ ಹುಡುಗಿ ತನ್ನ ತೋಟವನ್ನೆಲ್ಲ ಕಿಟಕಿಯಲ್ಲೇ ಹೂಡಿದ್ದಾಳೆ. ಒಡೆದ ಬಕೀಟಿನಲ್ಲಿ ಗುಲಾಬಿ, ಬಣ್ಣದ ಡಬ್ಬಿಯಲ್ಲಿ ಪುದೀನಾ, ಹೆಸರು ಗೊತ್ತಿಲ್ಲದ ಒಂದು ಬಳ್ಳಿ. ದಿನಾ ನೀರು ಹಾಕುವವಳು ಅವಳೇ. ಇವತ್ತು ಅವಳ ಗಂಡ ಹಾಕುತ್ತಿದ್ದ. ಹಸಿ ಮಣ್ಣಿನ ವಾಸನೆ ಬೀದಿ ದಾಟಿ ನನ್ನ ತನಕ ಬಂತು. ಅಷ್ಟೇ ಸಾಕಾಯಿತು ನೋಡಿ, ನನ್ನ ಮನಸ್ಸು ಲೆಕ್ಕ ಹಾಕತೊಡಗಿತು: ಹೋದ ತಿಂಗಳು ಇವನು ಯಾವಾಗ ನೀರು ಹಾಕಿದ್ದ?

ಮರುಗಳಿಗೆಗೆ ನಾಚಿಕೆಯಿಂದ ಚಹಾದ ಕಪ್ಪು ಕೆಳಗಿಟ್ಟೆ. ಯಾವ ಲೆಕ್ಕ ಅಂತ ನೀವು ಕೇಳುತ್ತೀರಿ. ಹೇಳುತ್ತೇನೆ. ಈ ವಯಸ್ಸಿನಲ್ಲಿ ಇನ್ನೆಂಥ ಮುಚ್ಚುಮರೆ.

ಎಪ್ಪತ್ತರ ದಶಕದಲ್ಲಿ ನಾವು ಸಿಂದಗಿಯಲ್ಲಿದ್ದೆವು. ನಮ್ಮವರು ದನದ ದವಾಖಾನೆಯಲ್ಲಿ ಕಂಪೌಂಡರು. ಓಣಿಯಲ್ಲಿ ನನಗೆ ಸ್ವಂತ ಹೆಸರೇ ಇರಲಿಲ್ಲ, ಕಂಪೌಂಡರ ಹೆಣ್ತಿ ಅಂದರೆ ನಾನು. ದೇವಣಗಾಂವದ ಕಡೆಯಿಂದ ಎಮ್ಮೆ ಹೊಡೆದುಕೊಂಡು ಬಂದವರು ದವಾಖಾನೆ ಮುಚ್ಚಿದ್ದರೆ ಸೀದಾ ನಮ್ಮ ಮನೆಗೇ ಬರುತ್ತಿದ್ದರು. "ಎಮ್ಮಿ ಗಬ್ಬ ನಿಂತೈತೋ ಇಲ್ಲೋ, ಒಂದೀಟ ನೋಡ್ರಿ ಸಾಹೇಬ್ರ" ಎಂದು ಬಾಗಿಲಲ್ಲೇ ಕೇಳುತ್ತಿದ್ದರು. ನಾನು ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಮದುವೆಯಾಗಿ ಮೂರು ವರ್ಷವಾಗಿತ್ತು, ನಮಗಿನ್ನೂ ಮಕ್ಕಳಾಗಿರಲಿಲ್ಲ. ಊರ ಎಮ್ಮೆಗಳೆಲ್ಲ ಗಬ್ಬ ನಿಲ್ಲುತ್ತಿದ್ದವು.

ಮನೆಯೆಂದರೆ ಒಂದು ಖೋಲಿ, ಒಂದು ಅಡಿಗೆ ಮೂಲೆ, ಒಂದೇ ಒಂದು ಕಿಟಕಿ. ಗೋಡೆ ಮೊಳ ದಪ್ಪ, ಹಾಗಾಗಿ ಕಿಟಕಿಯ ತಳವೇ ಒಂದು ಪುಟ್ಟ ಕಟ್ಟೆಯಾಗಿತ್ತು. ಅಲ್ಲಿ ಸರಳುಗಳ ಹಿಂದೆ, ಅರ್ಧಕ್ಕೆ ಕೊಯ್ದ ಚಿಮಣಿ ಎಣ್ಣೆಯ ಡಬ್ಬಿಯಲ್ಲಿ, ನನ್ನ ಮಲ್ಲಿಗೆ ಗಿಡ. ಇಂಗಳೇಶ್ವರದ ತವರಿನ ಹಿತ್ತಲಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. "ಇದಕ್ಕೂ ಟಿಕೀಟ ಹರೀಲೇನ್ರಿ ಅಕ್ಕಾರ?" ಎಂದು ಕಂಡಕ್ಟರು ಚಾಷ್ಟಿ ಮಾಡಿದ್ದ. ನಾನು ನಿಜವೆಂದು ತಿಳಿದು ಸೆರಗಿನ ಗಂಟು ಬಿಚ್ಚಿದ್ದೆ. ಅಂಥ ಜಾಣೆ ನಾನು.

ಮುಟ್ಟಾದಾಗ ಹೂವಿನ ಗಿಡಕ್ಕೆ ನೀರು ಹಾಕಬಾರದು, ಹಾಕಿದರೆ ಗಿಡ ಸುಟ್ಟು ಹೋಗುತ್ತದೆ ಎಂದು ಅವ್ವ ಕಲಿಸಿದ್ದಳು. ತವರಿನಲ್ಲಿ ದೊಡ್ಡ ಹಿತ್ತಲು, ಮನೆ ತುಂಬ ಹೆಂಗಸರು. ಯಾರು ಯಾವತ್ತು ನೀರು ಹಾಕಿದರೆಂದು ನೋಡುವವರು ಯಾರು? ಸಿಂದಗಿಯಲ್ಲಿ ನಾವಿಬ್ಬರೇ. ರೊಟ್ಟಿ ಬಡಿಯುವ ವಿಷಯದಲ್ಲಿ ನಮ್ಮವರು ಯಾವ ಮೈಲಿಗೆಯನ್ನೂ ಲೆಕ್ಕಕ್ಕಿಟ್ಟವರಲ್ಲ, ಹೊಟ್ಟೆ ಕೇಳಬೇಕಲ್ಲ. ಮಲ್ಲಿಗೆಯ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಹಾಗಾಗಿ ತಿಂಗಳಿಗೆ ಮೂರು ದಿನ ಆ ಕೆಲಸ ಅವರಿಗೆ ಬಂತು. ಎಮ್ಮೆಗೆ ಔಷಧ ಕುಡಿಸಿದ ಹಾಗೆ ತಂಬಿಗೆಯನ್ನು ಒಂದೇ ಸಲಕ್ಕೆ ಬಗ್ಗಿಸಿಬಿಡುತ್ತಿದ್ದರು. ನೀರು ಡಬ್ಬಿ ತುಂಬಿ, ಗೋಡೆಗುಂಟ ಇಳಿದು, ಬೀದಿಗೆ ಹೋಗುತ್ತಿತ್ತು.

ಬೀದಿಯಲ್ಲಿ ಏನಿತ್ತು ಗೊತ್ತೇ? ಕಿಟಕಿಗೆ ನೆಟ್ಟಗೆ ಎದುರಾಗಿ ಓಣಿಯ ನಳ. ಬೆಳಿಗ್ಗೆ ನೀರು ಬರುವ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಕೊಡಗಳನ್ನು ಸಾಲಿಗಿಟ್ಟು ಅಲ್ಲೇ ನಿಂತಿರುತ್ತಿದ್ದರು.

"ಇವತ್ತ ಕಂಪೌಂಡರ ಪಾಳಿ ನೋಡ್ರೆವಾ" ಎಂದು ಯಾರೋ ಅನ್ನುತ್ತಿದ್ದರು. ನಾನು ಒಳಗೊಳಗೇ ಉಬ್ಬುತ್ತಿದ್ದೆ. ಹೆಂಡತಿಯ ಗಿಡಕ್ಕೆ ನೀರು ಹಾಕುವ ಗಂಡ ಓಣಿಯಲ್ಲಿ ಬೇರೆ ಯಾರಿಗಿದ್ದಾನೆ, ಪಾಪ, ಹೊಟ್ಟೆಕಿಚ್ಚು ಪಡುತ್ತಾರೆ ಎಂದುಕೊಳ್ಳುತ್ತಿದ್ದೆ. ಈ ಭ್ರಮೆಯಲ್ಲಿ ಎಷ್ಟೋ ತಿಂಗಳು ಕಳೆದೆ.

ಅದನ್ನು ಒಡೆದವಳು ಎದುರು ಮನೆಯ ನೀಲಕ್ಕ. ನಳದ ಹತ್ತಿರ ಯಾರ ಕೊಡ ಮುಂದೆ, ಯಾರದು ಹಿಂದೆ ಎಂದು ತೀರ್ಮಾನ ಮಾಡುತ್ತಿದ್ದ ಹಿರಿಯಳು. ಒಂದು ದಿನ ನನ್ನ ಕೊಡ ಎತ್ತಿ ಹೆಗಲಿಗೆ ಕೊಡುತ್ತ ಮೆಲ್ಲಗೆ ಅಂದಳು: "ಈ ತಿಂಗಳಾನೂ ಕಂಪೌಂಡರ ಪಾಳಿ ಬಂತಲ್ಲ ತಂಗಿ. ಇರಲಿ, ದೇವರು ಕಣ್ಣ ತೆರೀತಾನ."

ಮೈಯೆಲ್ಲ ಬೆಂಕಿ ಹತ್ತಿದ ಹಾಗಾಯಿತು. ಅಂದರೆ ಇಷ್ಟು ದಿನ ಇವರೆಲ್ಲ ನನ್ನ ತಿಂಗಳನ್ನು ಆ ಕಿಟಕಿಯಲ್ಲಿ ಓದುತ್ತಿದ್ದರು! ಮನೆಗೆ ಬಂದು ಕೊಡ ಇಳಿಸಿ ಗೋಡೆಗೆ ಮುಖ ಹಚ್ಚಿ ಕೂತೆ. ಮರುದಿನ ಡಬ್ಬಿಯನ್ನು ಒಳಗೆ ಒಲೆಯ ಪಕ್ಕಕ್ಕೆ ಎಳೆದಿಟ್ಟೆ. ಬೆಳಕಿಲ್ಲದೆ ಎಲೆಗಳು ಹಳದಿಗೆ ತಿರುಗಿದವು, ಮತ್ತೆ ಕಿಟಕಿಗೇ ಇಟ್ಟೆ. ನಸುಕಿನಲ್ಲೇ ಎದ್ದು ನೀರು ಹಾಕಿರೆಂದು ನಮ್ಮವರನ್ನು ಎಬ್ಬಿಸಿದೆ. ನಳ ಅದಕ್ಕೂ ಮೊದಲೇ ಬಂದಿತ್ತು, ಹೆಂಗಸರು ಕಂದೀಲು ಹಿಡಿದು ನಿಂತಿದ್ದರು. "ಏನ್ರಿ ಕಂಪೌಂಡರ, ಇಷ್ಟ ಲಗೂನ?" ಎಂದು ಕೇಳಿದರಂತೆ. ನಮ್ಮವರಿಗೂ ಆಗ ವಿಷಯ ತಿಳಿದು ಕಿವಿ ಕೆಂಪಾಗಿತ್ತು.

ನಾನೇ ಹಾಕಬಹುದಿತ್ತಲ್ಲ ಅನ್ನುತ್ತೀರಿ. ಧೈರ್ಯವಾಗಲಿಲ್ಲ. ಗಿಡ ಒಣಗಿದರೆ ನನ್ನ ಕೈಯೇ ಅಂಥದು, ಅದಕ್ಕೇ ಹೊಟ್ಟೆಯಲ್ಲೂ ಏನೂ ನಿಲ್ಲುವುದಿಲ್ಲ ಎಂದು ಬೇರೆಯವರಿಗಿಂತ ಮೊದಲು ನಾನೇ ನಂಬಿಬಿಡುತ್ತಿದ್ದೆ.

ಆಮೇಲೆ ಒಂದು ತಿಂಗಳು ನಮ್ಮವರ ಪಾಳಿ ಬರಲಿಲ್ಲ. ನಾನು ಯಾರಿಗೂ, ಅವ್ವನಿಗೂ ಸುದ್ದಿ ಕೊಟ್ಟಿರಲಿಲ್ಲ. ನಳದ ಹತ್ತಿರ ಮಾತ್ರ ನನ್ನ ಕೊಡವನ್ನು ಯಾರೋ ಸುಮ್ಮನೆ ಮುಂದಕ್ಕೆ ಸರಿಸತೊಡಗಿದರು, ಇನ್ನಾರೋ ಹೊತ್ತು ತಂದು ಹೊಸ್ತಿಲಲ್ಲಿ ಇಳಿಸಿದರು. ನೀಲಕ್ಕ ಸೆರಗಿನಲ್ಲಿ ಮುಚ್ಚಿಕೊಂಡು ಹುಣಸೆಕಾಯಿ ತಂದಳು. ನಾಚಿಕೆಯೇನೋ ಆಯಿತು, ಆದರೆ ಅದು ಸಿಹಿ ನಾಚಿಕೆ. ಎರಡನೇ ತಿಂಗಳೂ ಮಲ್ಲಿಗೆಗೆ ನಾನೇ ನೀರು ಹಾಕಿದೆ, ಬೇಕೆಂದೇ ಸಾವಕಾಶವಾಗಿ, ಬಳೆಯ ಸಪ್ಪಳ ಕೇಳುವ ಹಾಗೆ. ಮೂರನೆಯ ತಿಂಗಳು ಎಲ್ಲ ಹೋಯಿತು.

ಹೆರಿಗೆ ದವಾಖಾನೆಯಿಂದ ಬಂದು ಮಲಗಿದ್ದೆ. ಮುಂಜಾನೆ ಕಣ್ಣು ಬಿಟ್ಟಾಗ ನಮ್ಮವರು ತಂಬಿಗೆ ತುಂಬಿಕೊಂಡು ಕಿಟಕಿಯತ್ತ ಹೊರಟಿದ್ದರು. ಹೊರಗೆ ಕೊಡಗಳ ಸಪ್ಪಳ.

"ಹಾಕಬ್ಯಾಡ್ರಿ!" ಎಂದು ಚೀರಿದೆ.

"ಗಿಡ ಬಾಡೈತಿ..."

"ಬಾಡಲಿ. ಸಾಯಲಿ. ಅವರಿಗೆ ಗೊತ್ತಾಗಬಾರದ್ರಿ."

ಅವರು ತಂಬಿಗೆ ಹಿಡಿದುಕೊಂಡೇ ನನ್ನ ಪಕ್ಕ ನೆಲದ ಮೇಲೆ ಕೂತರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ಅವತ್ತೇ ಮೊದಲು ನೋಡಿದ್ದು. ಏನು ಕದ್ದಿದ್ದೆನೆಂದು ಹಾಗೆ ಬಚ್ಚಿಟ್ಟುಕೊಳ್ಳಲು ಹೊರಟಿದ್ದೆನೋ.

ಆ ದಿನ ಯಾರೂ ನೀರು ಹಾಕಲಿಲ್ಲ, ಮರುದಿನವೂ ಇಲ್ಲ. ಸಿಂದಗಿಯ ಬಿಸಿಲಿಗೆ ಮಲ್ಲಿಗೆಯ ತುದಿಗಳು ಜೋತು ಬಿದ್ದವು. ಬಾಡಿದ ಗಿಡವೇ ಸುದ್ದಿ ಹೇಳೀತೆಂಬ ಬುದ್ಧಿ ನನಗೆ ಎಲ್ಲಿತ್ತು?

ಅದರ ಮರುದಿನ ಬೆಳಿಗ್ಗೆ ಕಿಟಕಿಗೆ ಬೆನ್ನು ಮಾಡಿ ಮಲಗಿದ್ದೆ. ಸರಳಿಗೆ ಬಳೆ ತಾಗಿದ ಸಪ್ಪಳವಾಯಿತು. ಆಮೇಲೆ ಒಣ ಮಣ್ಣು ನೀರು ಕುಡಿಯುವ ಸದ್ದು, ಹಸಿ ಮಣ್ಣಿನ ವಾಸನೆ. ನೀಲಕ್ಕನ ದನಿ ಕೇಳಿತು. ನನಗಲ್ಲ, ನಳದ ಹೆಂಗಸರಿಗೆ ಹೇಳುತ್ತಿದ್ದಳು: "ಇನ್ನ ಮ್ಯಾಲೆ ಈ ಗಿಡದ ಪಾಳಿ ನಮ್ದು. ಮೊದಲನೇ ಕೊಡ ತುಂಬಿದಾಕಿ ಇದಕ್ಕ ಒಂದ ಬೊಗಸಿ ಹಾಕಿ ಹೋಗಬೇಕು. ಮನಿಯವರ ಯಾರೂ ಹಾಕೂದ ಬ್ಯಾಡ. ತಿಳೀತಿಲ್ಲೊ?"

ಯಾರೂ ಯಾಕೆಂದು ಕೇಳಲಿಲ್ಲ. ಅಂದಿನಿಂದ ಆ ಕಿಟಕಿ ನನ್ನ ಸುದ್ದಿ ಹೇಳುವುದನ್ನು ಬಿಟ್ಟಿತು. ನಾನೂ ಬೆನ್ನು ತಿರುಗಿಸಿಯೇ ಇದ್ದೆ, ನೀಲಕ್ಕನಿಗೆ ಒಂದು ಮಾತೂ ಹೇಳಲಿಲ್ಲ. ಮುಂದೆ ಮುದ್ದೇಬಿಹಾಳಕ್ಕೆ ವರ್ಗವಾದಾಗ ಡಬ್ಬಿಯನ್ನು ಅವಳ ಮನೆಯ ಕಿಟಕಿಯಲ್ಲಿಟ್ಟು ಬಂದೆ. "ಹೂ ಬಿಟ್ಟಾಗ ನೆನಸತೇನಿ ತಂಗಿ" ಅಂದಳು. ಮುದ್ದೇಬಿಹಾಳದಲ್ಲಿ ಮಗಳು ಹುಟ್ಟಿದಳು. ಸುದ್ದಿ ನೀಲಕ್ಕನಿಗೆ ಮುಟ್ಟಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಅನುಭವಿಸಿದವಳು ನಾನು, ಇವತ್ತು ಎದುರು ಮನೆಯ ಹುಡುಗನ ಕೈಯ ಚೊಂಬು ನೋಡಿ ಲೆಕ್ಕ ಹಾಕುತ್ತ ಕೂತಿದ್ದೆ. ಈಗಿನ ಹುಡುಗರು ಸುಮ್ಮನೆ ಪ್ರೀತಿಗೂ ನೀರು ಹಾಕಿಯಾರು. ಹಾಗಲ್ಲದಿದ್ದರೂ ಅದು ನನಗೇಕೆ? ಎದ್ದು, ಕುರ್ಚಿಯನ್ನು ಎತ್ತಿ, ನಮ್ಮ ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತೆ.

ಸ್ವಲ್ಪ ಹೊತ್ತಿಗೆ ಆ ಹುಡುಗಿ ಕಿಟಕಿಯಿಂದ ಕೂಗಿದಳು: "ಯಾಕ್ರಿ ಅಮ್ಮಾ, ಇವತ್ತ ಆ ಕಡೆ ಮಾರಿ ಮಾಡಿ ಕುಂತೀರಲ್ಲ?"

"ಕಣ್ಣಿಗೆ ಬಿಸಲ ಹೊಡೀತೈತಿ ಯವ್ವಾ" ಎಂದೆ.

ಬೀದಿಗೆ ಇನ್ನೂ ಬಿಸಿಲು ಬಂದಿರಲಿಲ್ಲ.