ಗುಲಾಬಿಯ ಹಸಿರು ಮುಖಗಳು

ಆ ಬೀದಿಯವರು ಅವನನ್ನು ಕರೆಯುತ್ತಿದ್ದದ್ದು ಗುಲಾಬಿ ಎಂದು. ಫೋಟೋ ಸ್ಟುಡಿಯೋದಲ್ಲಿ ಕಪ್ಪು-ಬಿಳುಪು ಚಿತ್ರಗಳಿಗೆ ಬಣ್ಣ ತುಂಬುವುದು ಅವನ ಕೆಲಸ. ಎಂಥ ಒಣಗಿದ ಮುಖವೇ ಇರಲಿ, ಕೆನ್ನೆಗೆರಡು ಗುಲಾಬಿ ಚುಕ್ಕೆ ಇಟ್ಟು ಹತ್ತಿಯಿಂದ ತೀಡಿದನೆಂದರೆ ಮುಗಿಯಿತು, ಮದುವಣಿಗನಿಗೂ ಸತ್ತವನಿಗೂ ಒಂದೇ ಕಳೆ. “ಬದುಕಿದ್ದಾಗ ನಮ್ಮೆಜಮಾನ್ರು ಇಷ್ಟು ಚೆನ್ನಾಗಿರ್ಲೇ ಇಲ್ಲ” ಎಂದು ಒಬ್ಬ ಹೆಂಗಸು ಸ್ಟುಡಿಯೋದಲ್ಲೇ ಅಳುತ್ತ ಅಳುತ್ತ ನಕ್ಕುಬಿಟ್ಟಿದ್ದಳು.

ಅವನ ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಬಳಿ ಹೊಲಿಗೆ ಯಂತ್ರ, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಉದ್ದ ಮೇಜು, ಅದರಡಿ ಚಿಂದಿಯ ರಾಶಿ. ತಮ್ಮನ ಕೆಲಸದ ಬಗ್ಗೆ ಅವಳಿಗೆ ತಕರಾರಿರಲಿಲ್ಲ. ತೀಡಿದ ಗೆರೆ, ಹದವಾದ ಬಣ್ಣ, ಹೊಲಿಗೆ ಕಾಣದ ಹಾಗೆ ಮಡಿಸಿದ ಅಂಚಿನಂತೆ ಅಚ್ಚುಕಟ್ಟು. ಅದು ಅವಳಿಗೆ ಅರ್ಥವಾಗುತ್ತಿತ್ತು.

ಒಂದು ಬೆಳಗ್ಗೆ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಮ್ಮ ಹಗ್ಗ ಹಿಡಿದುಕೊಂಡೇ ಕುಸಿದಳು. ಲಕ್ವ. ಜೀವ ಉಳಿಯಿತು, ಮಾತು ಹೋಯಿತು. ನಾಲ್ಕು ಮನೆಗೆ ಕೇಳುವಂತೆ ಹರಟುತ್ತಿದ್ದವಳು ಈಗ ಕಿಟಕಿಗೆ ಮುಖಮಾಡಿ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಬಲಗಡೆಯ ಕೆನ್ನೆ, ತುಟಿ, ರೆಪ್ಪೆ ಎಲ್ಲ ಕೆಳಗೆ ಜಾರಿದ್ದವು.

ಅಮ್ಮನಿಗೆ ಸ್ವಲ್ಪ ಗೆಲುವಾಗಲಿ ಎಂದು ಗುಲಾಬಿ ಅವಳ ಚಿತ್ರ ಬರೆದ. ಬಲಗೆನ್ನೆಯನ್ನು ಎತ್ತಿ, ತುಟಿಯನ್ನು ನೇರ ಮಾಡಿ, ಹತ್ತು ವರ್ಷ ಇಳಿಸಿ ತಂದು ತೋರಿಸಿದ. ಅಮ್ಮ ಒಂದು ಗಳಿಗೆ ನೋಡಿದಳು. ಎಡಗೈಯಿಂದ ಚಿತ್ರವನ್ನು ನೂಕಿಬಿಟ್ಟಳು. ಅದು ನೆಲಕ್ಕೆ ಬಿತ್ತು.

ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಆಮೇಲೆ ದಿನಗಟ್ಟಲೆ ಅಮ್ಮನ ಎದುರು ಸುಮ್ಮನೆ ಕೂತ. ಕಡೆಗೊಂದು ಮಧ್ಯಾಹ್ನ ಅಕ್ಕನ ಮೇಜಿನ ಕೆಳಗಿಂದ ದಪ್ಪ ಬಟ್ಟೆಯ ತುಂಡೊಂದನ್ನು ಎಳೆದು ಹಲಗೆಗೆ ಬಿಗಿದು ಶುರುಮಾಡಿದ. ಕುಂಚ ಸಾಲದೆ ಹೆಬ್ಬೆರಳಲ್ಲಿ ತಿಕ್ಕಿದ, ಚಿಂದಿಯಲ್ಲಿ ಒರೆಸಿದ, ಉಗುರಿನಲ್ಲಿ ಕೆರೆದ. ಅಕ್ಕ ಯಂತ್ರ ನಿಲ್ಲಿಸಿ ಬಂದು ನೋಡಿದಳು. ಅಮ್ಮನ ಮುಖ ಹಸಿರು! ಬಾಯಿ ಕೆಂಪು ಗಾಯದ ಹಾಗೆ ಓರೆಯಾಗಿ ಕಿವಿಯವರೆಗೆ ಎಳೆದುಹೋಗಿತ್ತು. ಕಣ್ಣುಗಳು ಬಾವಿಯಷ್ಟು ದೊಡ್ಡವು.

“ಹೆತ್ತ ತಾಯಿನ ಹಿಂಗೆ ಬರೀತಾರೇನೋ? ನಿನ್ನ ಕೈ ಸೇದೋಗ!”

ಅವನು ಹಲಗೆಯನ್ನು ಅಮ್ಮನ ಕಡೆ ತಿರುಗಿಸಿದ. ಅಮ್ಮ ಕಣ್ಣು ಕೀಲಿಸಿ ನೋಡುತ್ತಲೇ ಇದ್ದಳು. ನಿಧಾನಕ್ಕೆ ಎಡಗೈ ಚಾಚಿ, ಇನ್ನೂ ಹಸಿಯಾಗಿದ್ದ ಆ ಕೆಂಪಿಗೆ ಬೆರಳು ಅದ್ದಿ, ಬಾಯಿಂದ ಕೆಳಗೆ, ಗಂಟಲಿನವರೆಗೆ ಒಂದು ಗೆರೆ ಎಳೆದಳು. ಮತ್ತೆ ಎಳೆದಳು, ಇನ್ನೂ ಜೋರಾಗಿ. ಮಾತೆಲ್ಲ ಅಲ್ಲಿ ಸಿಕ್ಕಿಕೊಂಡಿತ್ತು! ವೈದ್ಯರು ಕೇಳಿದಾಗಲೂ ಹೇಳಲಾರದ್ದನ್ನು ಅಮ್ಮ ಮಗನ ಚಿತ್ರದ ಮೇಲೆ ತೋರಿಸಿಕೊಟ್ಟಿದ್ದಳು. ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಲ್ಲೇ ನಿಂತಳು.

ಅಲ್ಲಿಂದ ಮುಂದೆ ಅಮ್ಮ ಇದ್ದಷ್ಟು ದಿನ ತಾಯಿ-ಮಗ ಬಣ್ಣದಲ್ಲೇ ಮಾತಾಡಿಕೊಂಡರು. ಅವನು ಬಣ್ಣದ ಟ್ಯೂಬುಗಳನ್ನು ಅವಳ ತೊಡೆಯ ಮೇಲೆ ಹರವುತ್ತಿದ್ದ, ಅವಳು ಒಂದನ್ನು ಮುಟ್ಟುತ್ತಿದ್ದಳು. ಹಳದಿ ಮುಟ್ಟಿದರೆ ಹತ್ತಿರ ಬಾ ಎಂದು. ನೇರಳೆ ಮುಟ್ಟಿದರೆ ಎಲ್ಲರೂ ಎದ್ದು ಆಚೆ ಹೋಗಬೇಕು. ಅಕ್ಕನೂ ಎದ್ದು ಹೋಗುತ್ತಿದ್ದಳು, ಗೊಣಗಿಕೊಂಡು.

ಅಮ್ಮ ತೀರಿಕೊಂಡ ಮೇಲೆ ಅವನ ಕೈ ಹಳೆಯ ದಾರಿಗೆ ಮರಳಲಿಲ್ಲ. ಸ್ಟುಡಿಯೋದಲ್ಲಿ ಯಾರದೋ ಅತ್ತೆಯ ಕೆನ್ನೆಗೆ ನೀಲಿ ಬಳಿದುಬಿಟ್ಟ. ಮಾಲೀಕ ತಲೆ ಚಚ್ಚಿಕೊಂಡ. “ಇಲ್ಲಿಗೆ ಬರೋರು ತಮ್ಮನ್ನ ತಾವು ನೋಡ್ಕೊಳ್ಳೋಕೆ ಬರ್ತಾರೆ ಕಣಯ್ಯ. ನೀನು ಅವರನ್ನ ನೋಡು ಅಂತ ಯಾರು ಕೇಳಿದ್ರು?” ಎಂದು ಹೇಳಿ ಮನೆಗೆ ಕಳಿಸಿದ.

ಆ ಕೆಲಸ ಹೋದ ಮೇಲೆ ಗುಲಾಬಿ ಬೆಳಗ್ಗೆ ಅಂಗಡಿಗಳ ಬೋರ್ಡು ಬರೆದು ಬರುವನು, ಊಟವಾದ ಮೇಲೆ ಹಿಂದಿನ ಕೋಣೆ ಸೇರುವನು. ಬಸ್ಸಿಗೆ ಕಾಯುವವರು, ಗಿರಣಿಯಿಂದ ಹೊರಬೀಳುವವರು, ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು, ಎಲ್ಲರೂ ಆ ಕೋಣೆಯ ಗೋಡೆಗಳ ಮೇಲೆ ಸೊಟ್ಟಸೊಟ್ಟಗೆ ಬಂದು ನಿಂತರು. ಬೀದಿಯವರು ಮೂಗು ಮುರಿದರು. “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಇವನು ನೆಟ್ಟಗೆ ಬರೆಯೋಕಾಗ್ದೆ ಜನಾನೇ ಡೊಂಕು ಅಂತಾನೆ” ಎಂದು ಎದುರುಮನೆಯಾತ ಹೇಳಿದ್ದು ಊರೆಲ್ಲ ಹಬ್ಬಿತು. ಅಕ್ಕನಿಗೂ ನಗು ಬಂದಿತ್ತು. ಆದರೂ ಅವನಿಗೆ ಬೇಕಾದ ದಪ್ಪ ಬಟ್ಟೆಯನ್ನು ಅವಳೇ ಜೋಡಿಸಿ ಹೊಲಿದು ಕೊಡುತ್ತಿದ್ದಳು.

ಚಿತ್ರಕಲಾ ಶಾಲೆಯ ಮೇಷ್ಟ್ರೊಬ್ಬರು ಒಮ್ಮೆ ಮನೆಗೆ ಬಂದರು. ಹಿಂದಿನ ಕೋಣೆಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅವರ ಧ್ವನಿ ತಗ್ಗಿತ್ತು. “ಕಣ್ಣಿಗೆ ಕಂಡದ್ದನ್ನ ಬಿಟ್ಟು ಒಳಗೆ ಆದದ್ದನ್ನ ಬರೆಯೋರು ಇದ್ದಾರಮ್ಮ. ಅದೊಂದು ದೊಡ್ಡ ಪಂಥ. ನಿಮ್ಮ ತಮ್ಮ ಯಾರ ಹತ್ರಾನೂ ಕಲೀದೆ ಅಲ್ಲಿಗೆ ಹೋಗಿ ಕೂತಿದ್ದಾರೆ.”

“ಒಳಗಾದದ್ದು ಒಳಗೇ ಇದ್ರೆ ಏನು ನಷ್ಟ ಸಾರ್?” ಎಂದಳು ಅಕ್ಕ.

ಮೇಷ್ಟ್ರು ನಕ್ಕರು. ಶಾಲೆಯ ಸಭಾಂಗಣದಲ್ಲಿ ಪ್ರದರ್ಶನ ಇಡಿಸಿದರು. ಬಂದವರಲ್ಲಿ ಹೆಚ್ಚಿನವರು ಕಿಸಕ್ಕೆಂದು ನಕ್ಕು ಹೋದರು. ಅಕ್ಕ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ಇದ್ಯಾಕಾದರೂ ಬಂದೆನೋ ಎಂದುಕೊಳ್ಳುತ್ತಿದ್ದಳು. ಆಗ ರೈಲ್ವೆ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಹೆಂಗಸು ಸಮವಸ್ತ್ರದಲ್ಲೇ ಒಳಗೆ ಬಂದಳು. ಅವಳು ಯಾರ ಜೊತೆಯೂ ಒಂದು ಹೆಚ್ಚಿನ ಮಾತಾಡಿದ್ದನ್ನು ಊರು ಕಂಡಿರಲಿಲ್ಲ. ಅಮ್ಮನ ಚಿತ್ರದ ಮುಂದೆ ನಿಂತಳು. ಕೈಚೀಲ ಜಾರಿ ಬಿದ್ದದ್ದೂ ಅವಳಿಗೆ ಗೊತ್ತಾಗಲಿಲ್ಲ.

“ಮಗು ಹೋದಾಗಿಂದ ನನ್ನೊಳಗೆ ಹಿಂಗೇ ಇದೆ” ಎಂದಳು ಗುಲಾಬಿಗೆ. “ಯಾರಿಗೂ ಹೇಳಿಲ್ಲ. ನಿಮಗೆ ಯಾರು ಹೇಳಿದ್ರು?”

“ಯಾರೂ ಇಲ್ಲಮ್ಮ. ಅದು ನಮ್ಮಮ್ಮ.”

ಆ ಹೆಂಗಸು ತಲೆಯಾಡಿಸಿದಳು, ನಂಬದವಳಂತೆ. ಅಕ್ಕ, ತಾನು ಇಷ್ಟು ವರ್ಷ ಅನ್ನ ಬಡಿಸಿದ ಈ ಕೈ ಯಾವುದು, ಎಲ್ಲಿಂದ ಏನನ್ನು ತರುತ್ತದೆ ಎಂದು ತಮ್ಮನ ಬಣ್ಣ ಮೆತ್ತಿದ ಬೆರಳುಗಳನ್ನೇ ನೋಡುತ್ತ ಕೂತಳು.

ಆಮೇಲೂ ಬೋರ್ಡು ಬರೆಯುವುದು ತಪ್ಪಲಿಲ್ಲ. ಅಷ್ಟಿಷ್ಟು ಹೆಸರು ಬಂತು, ದೂರದ ಊರುಗಳಿಂದ ಜನ ಬಂದರು. ತನ್ನ ಚಿತ್ರ ಬರೆಯಲು ಮಾತ್ರ ಅಕ್ಕ ಒಪ್ಪುತ್ತಿರಲಿಲ್ಲ. ಇಬ್ಬರಿಗೂ ಕೂದಲು ಬೆಳ್ಳಗಾದ ಮೇಲೆ ಒಂದು ದಿನ, ಏನನ್ನಿಸಿತೋ, ತಾನಾಗಿಯೇ ಹಿಂದಿನ ಕೋಣೆಗೆ ಹೋಗಿ ಕೂತಳು. “ಬರಿ. ಹಸಿರೋ ನೀಲಿಯೋ, ಏನಾದ್ರೂ ಮಾಡ್ಕೋ.”

ಮುಗಿದ ಮೇಲೆ ಅವನು ಪಕ್ಕಕ್ಕೆ ಸರಿದ. ಚಿತ್ರದಲ್ಲಿ ಮುಖ ಸಣ್ಣದು, ಬಗ್ಗಿದ್ದು. ಇಡೀ ಬಟ್ಟೆಯನ್ನು ತುಂಬಿದ್ದವು ಎರಡು ಕೈಗಳು, ಕೆಂಡದಂಥ ಕಿತ್ತಳೆ ಕೈಗಳು, ಏನನ್ನೋ ಹರಿದು ಹಾಕಲು ಎತ್ತಿ ತಡೆದುಕೊಂಡಂತೆ.

“ನಂಗೆ ಇಷ್ಟೊಂದು ಸಿಟ್ಟಿತ್ತೇನೋ?” ಎಂದಳು.

“ಅಪ್ಪ ಹೋದಾಗ ನಿನ್ನ ಶಾಲೆ ಬಿಡಿಸಿದ್ರಲ್ಲ ಅಕ್ಕ. ನಾನು ಓದಲಿ ಅಂತ. ಆವತ್ತಿಂದ ನೋಡ್ತಿದೀನಿ. ನೀನೊಂದು ಮಾತು ಆಡ್ಲಿಲ್ಲ.”

ಅಕ್ಕ ಅಲ್ಲವೆನ್ನಲು ಬಾಯಿ ತೆರೆದಳು. ಮುಂದಿನ ಕೋಣೆಯಲ್ಲಿ ಯಾರೋ ಬಟ್ಟೆ ತಂದು ಬಾಗಿಲು ತಟ್ಟುತ್ತಿದ್ದರು. “ಇವತ್ತು ಅಂಗಡಿ ಇಲ್ಲ!” ಎಂದು ಕೂತಲ್ಲಿಂದಲೇ ಕೂಗಿದಳು. ಆ ಬಾಗಿಲಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ. ಬೆಳಕು ಆರುವವರೆಗೂ ಅಕ್ಕ ತಮ್ಮ ಇಬ್ಬರೂ ಆ ಕೈಗಳ ಮುಂದೆ ಕೂತೇ ಇದ್ದರು.