ಪೂಜೆಗಿಟ್ಟು ಎತ್ತದ ಸಾಣೆ

ನಾನು ಶಾಲೆ ಬಿಟ್ಟದ್ದು ೧೯೬೩ರಲ್ಲಿ, ಏಳನೆಯ ಇಯತ್ತೆ ಮುಗಿದ ಮೇಲೆ. ಬಿಡಿಸಿದರು ಅನ್ನುವುದಿಲ್ಲ, ನಾನೇ ಬಿಟ್ಟೆ. ಅಲ್ಲಿಂದೀಚೆಗೆ ಕಲಿತದ್ದೆಲ್ಲ ಕೈಯಿಂದ, ಕಣ್ಣಿನಿಂದ, ಮೂಗಿನಿಂದ. ಅದರಲ್ಲೂ ಮೂಗು ಕಲಿತದ್ದನ್ನು ಮರೆಯುವುದೇ ಇಲ್ಲ. ಹೋದ ವಾರ ಮಲಾಡಿನ ನಮ್ಮ ಬಿಲ್ಡಿಂಗಿನ ಕೆಳಗೆ ಚಾಕು-ಕತ್ತರಿಗೆ ಸಾಣೆ ಹಿಡಿಯುವವನೊಬ್ಬ ಬಂದು ನಿಂತಿದ್ದ. ಸೊಸೆ ಅಡುಗೆಮನೆಯ ಚಾಕುಗಳನ್ನು ಕೊಟ್ಟು ನನ್ನನ್ನು ಕೆಳಗೆ ಕಳಿಸಿದಳು. ಅವನ ಚಕ್ರಕ್ಕೆ ಉಕ್ಕು ತಾಗಿದ್ದೇ ತಡ, ಆ ವಾಸನೆ ಬಂತು. ಸುಟ್ಟ ಕಲ್ಲು, ಬಿಸಿ ಕಬ್ಬಿಣ, ನಡುವೆ ಎಲ್ಲೋ ಎಮ್ಮೆಯ ಕೊಂಬು ಉಜ್ಜಿದಾಗ ಬರುವ ಕೂದಲು ಸುಟ್ಟಂಥ ನಾತ... ಕೊಂಬು ಅಲ್ಲಿ ಇರಲೇ ಇಲ್ಲ. ಅದು ನನ್ನ ತಲೆಯೊಳಗಿನಿಂದ ಬಂದದ್ದು. ವಾಚ್‌ಮನ್ನನ ಕುರ್ಚಿ ಖಾಲಿ ಇತ್ತು, ಅದರಲ್ಲಿ ಕೂತುಬಿಟ್ಟೆ.

ಆ ವಾಸನೆ ಕಾಕಾನ ಮನೆಯದು. ಚೆಂಬೂರಿನ ಚಾಳಿನಲ್ಲಿ ನಮ್ಮ ಖೋಲಿಯ ಎದುರು ಕೋಣೆಯವರು ಅವರು. ಗದಗದ ಕಡೆಯವರು. ನಾನು ವಿಜಾಪುರದ ಕಡೆಯವ. ಸೋಲಾಪುರದಲ್ಲಿ ಮೋಟಾರಿಗೆ ತಂತಿ ಸುತ್ತುವ ಅಂಗಡಿಯಲ್ಲಿ ಕೆಲ ವರ್ಷ ದುಡಿದು, ಅರವತ್ತರ ದಶಕದ ಕೊನೆಗೆ ಮುಂಬಯಿಗೆ ಬಂದು ವಾಯರ್‌ಮ್ಯಾನ್ ಆಗಿದ್ದೆ. ಕಾಕಾ ಹತ್ತಿರದ ಕಾರಖಾನೆಯೊಂದರಲ್ಲಿ ಫಿಟರ್. ಶಿಫ್ಟ್ ಮುಗಿಸಿ ಬಂದು, ಕಾಲು ತೊಳೆದು, ಒಂದು ಕಪ್ ಚಹಾ ಕುಡಿದರೆಂದರೆ ಅವರ ನಿಜವಾದ ದಿನ ಶುರುವಾಗುತ್ತಿತ್ತು. ಕಿಸೆಯಲ್ಲಿ ಮಡಿಚಿ ಇಟ್ಟುಕೊಳ್ಳುವ ಚಾಕು ಮಾಡುತ್ತಿದ್ದರು, ಮುರಿದು ಬಂದದ್ದನ್ನು ರಿಪೇರಿ ಮಾಡುತ್ತಿದ್ದರು. ಒಂದೇ ಖೋಲಿ. ಒಲೆ, ಹಿಟ್ಟಿನ ಡಬ್ಬಿ, ದೇವರ ಗೂಡು ಒಂದು ಕಡೆ. ಇನ್ನೊಂದು ಕಡೆ ಹಲಗೆಗೆ ಬಿಗಿದ ವೈಸ್, ರೈಲು ಹಳಿಯ ತುಂಡು, ಸಣ್ಣ ಸುತ್ತಿಗೆ, ಕೈಯಿಂದ ತಿರುಗಿಸುವ ಡ್ರಿಲ್, ಗೋಡೆಗೆ ಸಾಲಾಗಿ ತೂಗುಹಾಕಿದ, ಕಬ್ಬಿಣ ಉಜ್ಜುವ ಅರಗಳು. ಸವೆದುಹೋದ ಅರಗಳನ್ನು ಅವರು ಎಸೆಯುತ್ತಿರಲಿಲ್ಲ. ಅವನ್ನೇ ಸ್ಟೋವಿನ ಮೇಲೆ ಕೆಂಪಗೆ ಕಾಯಿಸಿ, ಮೆತ್ತಗೆ ಮಾಡಿ, ಕೊಯ್ದು, ಉಜ್ಜಿ, ಚಾಕುವಿನ ಅಲಗು ಮಾಡುತ್ತಿದ್ದರು. ಹಿಡಿಗೆ ಎಮ್ಮೆಯ ಕೊಂಬು. ಮತ್ತೆ ಕಾಯಿಸಿ ಶೇಂಗಾ ಎಣ್ಣೆಯಲ್ಲಿ ಅದ್ದಿದಾಗ ಚರ್ ಎನ್ನುವ ಸದ್ದಿಗೆ ಇಡೀ ಮಾಳಿಗೆಗೆ ಯಾರೋ ಭಜಿ ಕರಿಯುತ್ತಿದ್ದಾರೆ ಅನ್ನಿಸುತ್ತಿತ್ತು.

ನನ್ನ ಚಾಕುವಿನ ಸ್ಪ್ರಿಂಗ್ ಮುರಿದಾಗ ಮೊದಲ ಸಲ ಅವರ ಬಾಗಿಲಿಗೆ ಹೋದೆ. ವಾಯರಿನ ಸಿಪ್ಪೆ ಸುಲಿಯುವವನಿಗೆ ಚಾಕು ಇಲ್ಲದಿದ್ದರೆ ಬಾಯಿಗೆ ಹಲ್ಲಿಲ್ಲದಂತೆ. ಕಾಕಾ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಇದನ್ನ ಯಾರಪಾ ಮುರದವ್ರು?"

"ತಾನ ಮುರೀತ್ರಿ ಕಾಕಾ."

"ತಾನ ಮುರಿಯಾಕ ಅದಕ್ಕೇನು ಸಿಟ್ಟು ಬಂದಿತ್ತೇನು? ಇದರಲೆ ಸ್ಕ್ರೂ ತಿರುವೀದಿ ಹೌದಲ್ಲೋ, ವಾಯರ್‌ಮ್ಯಾನ್ ಸಾಹೇಬ?"

ಮಾತು ನಿಜ. ಆದರೆ ನಾನು ಒಪ್ಪಲಿಲ್ಲ. ಒಲೆಯ ಮುಂದಿದ್ದ ಅವರ ಹೆಂಡತಿ, ನಾನು ಮುಂದೆ ಕಾಕು ಎಂದು ಕರೆದವರು, ತಿರುಗಿ ನೋಡದೆ ಹೇಳಿದರು: "ಒಪ್ಪಿಕೊಂಡುಬಿಡಪಾ ತಮ್ಮಾ. ಒಪ್ಪಿಕೊಂಡವರಿಗೆ ಈ ಮನ್ಯಾಗ ಚಾ ಸಿಗತೈತಿ."

ಚಹಾಕ್ಕಾಗಿ ಒಪ್ಪಿಕೊಂಡೆ.

ಚಾಕು ತಯಾರಾದ ದಿನ ಕೈ ಚಾಚಿದರೆ ಕಾಕಾ ಕೊಡಲಿಲ್ಲ. ನೆಲದ ಮೇಲೆ ಇಟ್ಟು, "ತಗೋ" ಎಂದರು. ಅಲಗು ಇರುವ ವಸ್ತುವನ್ನು ಕೈಯಿಂದ ಕೈಗೆ ದಾಟಿಸಿದರೆ ಜಗಳವಾಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಆದರೆ ದಿನಕ್ಕೆ ಹತ್ತಾರು ಸಲ ಚಾಕು ಹಿಡಿಯುವ ಮನುಷ್ಯ ಪ್ರತಿ ಸಲವೂ ಬಗ್ಗಿ ನೆಲಕ್ಕಿಟ್ಟು ಏಳುವುದನ್ನು ನಾನು ಅವರಲ್ಲಿ ಮಾತ್ರ ನೋಡಿದೆ.

ಅವರ ಕೆಲಸ ಒಬ್ಬರ ಕೆಲಸವಾಗಿರಲಿಲ್ಲ. ಸಾಣೆಚಕ್ರಕ್ಕೆ ಒಂದು ಹಿಡಿಕೆ ಇತ್ತು, ಅದನ್ನು ತಿರುಗಿಸುವವರು ಕಾಕು. ಕಾಕಾ ಎರಡೂ ಕೈಯಿಂದ ಅಲಗು ಹಿಡಿದು ಕಲ್ಲಿಗೆ ಕೊಡುತ್ತಿದ್ದರು. ಸ್ಪ್ರಿಂಗನ್ನು ಕಾಯಿಸುವಾಗ ಅದಕ್ಕೆ ನೀಲಿ ಬಣ್ಣ ಬರಬೇಕು, ಆಗಲೇ ಅದು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಆದರೆ ಸಾಣೆ ಹಿಡಿಯುವಾಗ ಅಲಗಿಗೆ ನೀಲಿ ಬಂದರೆ ಅದು ಸತ್ತಂತೆ, ಮತ್ತೆ ಹರಿತ ನಿಲ್ಲುವುದಿಲ್ಲ. ಆ ನೀಲಿ ಕಣ್ಣಿಗೆ ಕಾಣುವುದರೊಳಗೆ ಕೆಲಸ ಕೆಟ್ಟಿರುತ್ತದೆ. ಕಾಕುವಿಗೆ ಅದು ಮೊದಲೇ ಕೇಳುತ್ತಿತ್ತು. ಸದ್ದು ಸಣ್ಣಗಾಗುವಾಗಲೇ ಹಿಡಿಕೆ ನಿಲ್ಲಿಸಿ "ಸುಡಾಕತ್ತೈತ್ರೀ" ಅನ್ನುತ್ತಿದ್ದರು. ಕಾಕಾ ಅಲಗನ್ನು ನೀರಿಗದ್ದುತ್ತಿದ್ದರು. ಮತ್ತೆ ಹಿಡಿಕೆ ತಿರುಗುತ್ತಿತ್ತು. ಮಾತು ಅಷ್ಟೇ. ನಾನು ಬಾಗಿಲಲ್ಲಿ ಕೂತು ಬೀಡಿ ಸೇದುತ್ತ ನೋಡುತ್ತಿದ್ದೆ. ಕೆಲಸ ಬಲ್ಲವರನ್ನು ನೋಡುತ್ತ ಕೂತರೆ ನನ್ನ ದಣಿವೂ ಸ್ವಲ್ಪ ಇಳಿಯುತ್ತಿತ್ತು.

ಒಂದು ಚಳಿಗಾಲದಲ್ಲಿ ಕಾಕುವಿಗೆ ಹಿಡಿದ ಕೆಮ್ಮು ಬೇಸಿಗೆ ಬಂದರೂ ಬಿಡಲಿಲ್ಲ. ಡಾಕ್ಟರು ಅವರ ಬೆರಳಿನ ಸಂದಿಯಲ್ಲಿ ಕೂತ ಕಪ್ಪು ನೋಡಿ ಕೆಲಸ ಏನೆಂದು ಕೇಳಿದರಂತೆ. ಕಲ್ಲು-ಕಬ್ಬಿಣದ ಧೂಳು ಎದೆಯೊಳಗೆ ಇಳಿದಿದೆ, ಇನ್ನು ಆ ಚಕ್ರದ ಹತ್ತಿರ ಕೂತರೆ ಉಸಿರು ಉಳಿಯುವುದಿಲ್ಲ ಎಂದು ಹೇಳಿ ಕಳಿಸಿದರು. ಕಾಕು ಅದನ್ನು ನಗುತ್ತ ನಮಗೆ ಹೇಳಿದರು. ಕಾಕಾ ನಗಲಿಲ್ಲ.

ಮೊದಲು ಚಕ್ರವನ್ನು ಖೋಲಿಯ ಮುಂದಿನ ಗ್ಯಾಲರಿಗೆ ತಂದರು. ಧೂಳು ಏಳಬಾರದೆಂದು ತಗಡಿನ ಡಬ್ಬಿಗೆ ತೂತು ಮಾಡಿ ಕಲ್ಲಿನ ಮೇಲೆ ನೀರು ತೊಟ್ಟಿಕ್ಕುವಂತೆ ಕಟ್ಟಿದರು. ನಮ್ಮ ಗ್ಯಾಲರಿ ಮರದ ಹಲಗೆಯದು. ಕಪ್ಪು ನೀರು ಸಂದಿಯಿಂದ ಇಳಿದು ಕೆಳಗಿನ ಖೋಲಿಯ ಆಯಿ ಒಣಗಲು ಹಾಕಿದ್ದ ಹಪ್ಪಳಗಳ ಮೇಲೆ ಬಿತ್ತು. "ಅಹೋ ಕಾಕಾ! ಮಾಝೆ ಪಾಪಡ್ ಕಾಳೆ ಝಾಲೆ!" ಹಪ್ಪಳವೆಲ್ಲ ಕಪ್ಪಾದವು ಎಂದು ಅವಳು ಮರಾಠಿಯಲ್ಲಿ ಕೂಗಿದ್ದು ಸ್ಟೇಷನ್ನಿಗೂ ಕೇಳಿರಬೇಕು. ಕಾಕು ಇಳಿದುಹೋಗಿ ಅವಳ ಜೊತೆ ಕೂತು ಮತ್ತೆ ಹಪ್ಪಳ ಲಟ್ಟಿಸಿ ಕೊಟ್ಟು ಬಂದರು. ನೀರಿನ ಡಬ್ಬಿ ಅಲ್ಲಿಗೆ ಮುಗಿಯಿತು.

ಆಗ ನಾನು ಮುಂದೆ ಬಂದೆ. ವಾಯರ್‌ಮ್ಯಾನ್ ಇರುವ ಚಾಳಿನಲ್ಲಿ ಹೆಣ್ಣುಮಗಳು ಚಕ್ರ ಯಾಕೆ ತಿರುಗಿಸಬೇಕು? ಹಳೇ ಸಾಮಾನಿನ ಬಜಾರಿನಿಂದ ಒಂದು ಮೋಟಾರು ತಂದೆ. ನಾನೇ ಬಿಚ್ಚಿ, ಹೊಸ ತಂತಿ ಸುತ್ತಿ, ಅದರಿಂದ ಚಕ್ರಕ್ಕೆ ಬೆಲ್ಟಿನ ಪಟ್ಟಾ ಹಾಕಿ, ಕಾಕು ತಿರುಗಿಸುವ ವೇಗಕ್ಕೇ ಅದನ್ನು ತಂದು ನಿಲ್ಲಿಸಿದೆ. ಅದಕ್ಕಾಗಿ ಎಷ್ಟು ಸಲ ಪುಲಿ ಬದಲಿಸಿದೆನೋ. ಇವತ್ತಿಗೂ ಹೇಳುತ್ತೇನೆ, ಅದು ಒಳ್ಳೆಯ ಕೆಲಸ. ಗುಂಡಿ ಒತ್ತಿದರೆ ಚಕ್ರ ತಾನೇ ತಿರುಗಿತು. ಕಾಕಾ ಅಲಗು ಕೊಟ್ಟರು. ತುದಿಗೆ ನೀಲಿ ಬಂತು. ಇನ್ನೊಂದು ಕೊಟ್ಟರು, ಅದಕ್ಕೂ ಬಂತು.

"ವೇಗ ಜಾಸ್ತಿ ಆತೇನ್ರಿ?" ಎಂದೆ.

"ವೇಗ ಬರೋಬರಿ ಐತಿ. ಮೋಟರಿಗೆ ಕಿವಿ ಎಲ್ಲೈತಪಾ?"

ಒಳಗಿನಿಂದ ಕಾಕು ಎದ್ದು ಬಂದರು. ಸೆರಗನ್ನು ಮೂಗಿಗೆ ಕಟ್ಟಿಕೊಂಡು ಚಕ್ರದ ಪಕ್ಕದಲ್ಲೇ ಕೂತರು. ಕೈಗೆ ಕೆಲಸವಿಲ್ಲ, ಬರೀ ಕಿವಿ. "ಸುಡಾಕತ್ತೈತ್ರೀ." ನೀರಿಗದ್ದುವುದು. ಮತ್ತೆ ಕಲ್ಲು. ಏಳು ಎಂದು ಕಾಕಾ ಹೇಳಿದರೆ, "ನನ್ನ ಎದಿ ಚಿಂತಿ ನಿಮಗ್ಯಾಕ, ನಿಮ್ಮ ಚಾಕೂ ನೋಡ್ರಿ" ಎನ್ನುತ್ತಿದ್ದರು. ಮಳೆ ಶುರುವಾದಾಗ ಗ್ಯಾಲರಿಗೆ ಎರಚಲು ಬಡಿಯಿತು. ಮೋಟಾರು ನೆನೆಯಬಾರದೆಂದು ಎಲ್ಲವೂ ಮತ್ತೆ ಖೋಲಿಯೊಳಕ್ಕೆ ಹೋಯಿತು. ಬಾಗಿಲು ಮುಚ್ಚಿದ ಖೋಲಿ, ಒಳಗೆ ಧೂಳು...

ಗಣಪತಿ ಮುಳುಗಿಸಿದ ಮರುದಿನ ಕಾಕುವನ್ನು ಆಸ್ಪತ್ರೆಗೆ ಒಯ್ಯಲು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದೆವು. ಉಸಿರು ಸೀಟಿ ಹೊಡೆಯುತ್ತಿತ್ತು. ಒಂದು ಕಡೆ ನಾನು, ಒಂದು ಕಡೆ ಕಾಕಾ. ತಿರುವಿನಲ್ಲಿ ಕಾಕಾ ನಿಂತು ದಮ್ಮು ತೆಗೆದುಕೊಂಡರು. ಅಂಥ ಸ್ಥಿತಿಯಲ್ಲೂ ಕಾಕು, "ಮದುವಿ ಮೆರವಣಿಗ್ಯಾಗೂ ಇಷ್ಟು ಮೆರಸಿರಲಿಲ್ಲ" ಎಂದರು. ಕಾಕಾ ಕುರ್ಚಿಯನ್ನು ಮತ್ತೆ ಎತ್ತಿ ಹಿಡಿದರು. ಅವರ ಮುಖವನ್ನು ಆವತ್ತು ಸರಿಯಾಗಿ ನೋಡಿದೆ.

ಖಂಡೇನವಮಿಯ ಹೊತ್ತಿಗೆ ಕಾಕು ಮನೆಗೆ ಬಂದಿದ್ದರು. ಆ ದಿನ ಉಪಕರಣಗಳಿಗೆ ಪೂಜೆ, ಯಾರೂ ಕೆಲಸ ಮಾಡುವುದಿಲ್ಲ. ಮರುದಿನ ದಸರೆಗೆ ಬನ್ನಿ ಹಂಚಿ, ಉಪಕರಣ ಎತ್ತಿ, ಕೆಲಸ ಹಿಡಿಯಬೇಕು. ಕಾಕಾ ಪ್ರತಿಯೊಂದು ಅರವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹಲಗೆಯ ಮೇಲೆ ಜೋಡಿಸಿದರು. ಸಾಣೆಚಕ್ರ ನಡುವೆ. ಅದರ ಮುಂದೆ ಅರ್ಧ ಆದ ಒಂದು ಚಾಕು, ಹರಿತ ಕೊಡುವುದು ಮಾತ್ರ ಬಾಕಿ. ನನ್ನ ಪ್ಲಾಯರು, ಟೆಸ್ಟರುಗಳನ್ನೂ ಅಲ್ಲೇ ಇಟ್ಟೆವು. ಕುಂಕುಮ, ಚೆಂಡುಹೂವು, ಕಾಯಿ.

ದಸರೆಯ ದಿನ ಬನ್ನಿ ಕೊಟ್ಟು, ಕಾಲಿಗೆ ಬಿದ್ದು, ನನ್ನ ಸಾಮಾನು ಎತ್ತಿಕೊಂಡೆ. ಕಾಕಾ ತಮ್ಮದನ್ನು ಮುಟ್ಟಲಿಲ್ಲ.

"ನಿಮ್ಮವ್ರೀ?"

"ನಮ್ಮ ಪೂಜಿ ಇನ್ನೂ ಮುಗದಿಲ್ಲ."

ಕಾಕು ಬೈದರು. ಪೂಜೆಗೆ ಕೂರಿಸಿದ್ದನ್ನು ಎತ್ತದೆ ಬಿಟ್ಟರೆ ಮನೆಗೆ ಒಳ್ಳೆಯದಲ್ಲ ಎಂದರು, ಮಾತು ಬಿಟ್ಟರು, ಒಂದು ದಿನ ಊಟವನ್ನೂ ಬಿಟ್ಟರು. "ಮುಗೀಲಿ, ಎತ್ತೂಣು" ಎಂದು ಮಾತ್ರ ಕಾಕಾ ಹೇಳುತ್ತಿದ್ದರು. ನಿನ್ನ ಎದೆಗಾಗಿ ಬಿಟ್ಟೆ ಎಂದು ಬಾಯಿಬಿಟ್ಟು ಹೇಳಿದ್ದರೆ ಕಾಕು ಆ ಕ್ಷಣವೇ ಎದ್ದು ಮೋಟಾರಿನ ಗುಂಡಿ ಒತ್ತುತ್ತಿದ್ದರು. ಅದು ಇಬ್ಬರಿಗೂ ಗೊತ್ತಿತ್ತು. ಆದರೆ ದೇವರ ಮುಂದಿಟ್ಟದ್ದನ್ನು ಗಂಡ ಎತ್ತುವ ಮೊದಲು ತಾವು ಎತ್ತುವ ಹೆಂಗಸು ಅವರಲ್ಲ. ದೀಪಾವಳಿ ಬಂತು. ಚೆಂಡುಹೂವು ಒಣಗಿ ಪುಡಿಯಾಯಿತು. ಮುರಿದ ಚಾಕು ತಂದವರಿಗೆ ಕಾಕಾ ಬಾಗಿಲಲ್ಲೇ "ಪೂಜಿ ನಡದೈತಿ" ಎಂದು ಹೇಳಿ ಕಳಿಸುತ್ತಿದ್ದರು. ಕಾಕಾನ ದಸರಾ ಹೋಳಿಯ ತನಕ ಎಂದು ಚಾಳಿನವರು ನಗಾಡಿದರು. ಹೋಳಿಯೂ ಬಂದು ಹೋಯಿತು.

ಶಿಫ್ಟ್ ಮುಗಿಸಿ ಬಂದು, ಕಾಲು ತೊಳೆದು, ಚಹಾ ಕುಡಿದು ಕಾಕಾ ಗ್ಯಾಲರಿಯಲ್ಲಿ ಕೂರುತ್ತಿದ್ದರು. ತಂಬಾಕಿನ ಡಬ್ಬಿಯ ಮುಚ್ಚಳ ತೆಗೆಯುವುದು, ಮುಚ್ಚುವುದು. ತೆಗೆಯುವುದು, ಮುಚ್ಚುವುದು. ಟಕ್, ಟಕ್. ಚಾಕು ಮಡಿಚುವಾಗ ಬರುವ ಸದ್ದೇ ಅದು. ಆ ಒಂದೆರಡು ವರ್ಷದಲ್ಲಿ ಅವರು ಹತ್ತು ವರ್ಷ ಮುದುಕರಾದರು. ಕಾಕುವಿನ ಉಸಿರು ಮಾತ್ರ ನಿಧಾನವಾಗಿ ತಿಳಿಯಾಯಿತು.

ಒಂದು ಮಧ್ಯಾಹ್ನ ಮರೆತ ಟೆಸ್ಟರಿಗಾಗಿ ಚಾಳಿಗೆ ಬಂದಿದ್ದೆ. ಎದುರು ಖೋಲಿಯಿಂದ ಗರ್ ಗರ್ ಎಂಬ ಸಣ್ಣ ಸದ್ದು. ಇಣುಕಿದರೆ ಕಾಕು. ಮೋಟಾರಿನ ಪಟ್ಟಾ ಬಿಚ್ಚಿಟ್ಟು, ಚಕ್ರವನ್ನು ಪೂಜೆಗೆ ಕೂರಿಸಿದ ಜಾಗದಿಂದ ಸರಿಸದೆ, ಹಳೆಯ ಹಿಡಿಕೆ ಹಾಕಿ ಬರೀ ಚಕ್ರವನ್ನು ತಿರುಗಿಸುತ್ತಿದ್ದರು. ಕಣ್ಣು ಮುಚ್ಚಿತ್ತು. ನನ್ನ ನೆರಳು ಬಿದ್ದದ್ದೇ ಬೆಚ್ಚಿಬಿದ್ದರು.

"ಗಾಲಿ ಜಂಗ ತುಕ್ಕ ಹಿಡೀಬಾರದಲ್ಲೋ... ನಿಮ್ಮ ಕಾಕಾನ ಮುಂದ ಹೇಳಬ್ಯಾಡ."

ಹೇಳಲಿಲ್ಲ.

ಎಪ್ಪತ್ತರ ದಶಕ ಮುಗಿಯುವುದರೊಳಗೆ ಕಾಕಾ ದುಡಿಯುತ್ತಿದ್ದ ವಿಭಾಗವನ್ನು ಕಾರಖಾನೆ ಮುಚ್ಚಿತು. ಊರಿಗೆ ಹೊರಟರು. ಆ ದಿನ ಉಪಕರಣ ಎತ್ತಲೇಬೇಕಾಯಿತು. ವೈಸು, ಅರ, ಸುತ್ತಿಗೆಗಳನ್ನು ಕಾರಖಾನೆಯ ಜೊತೆಗಾರರು ಬಂದು ಒಯ್ದರು. ಚಕ್ರವನ್ನೂ ಒಬ್ಬ ಹೊತ್ತುಕೊಂಡು ಹೋದ. ಅದರ ಹಿಡಿಕೆ ಮಾತ್ರ ಸಿಗಲಿಲ್ಲ. ಕಾಕುವಿನ ಬಟ್ಟೆಗಂಟಿನಲ್ಲಿ ಅದರ ತುದಿ ನನಗೆ ಕಂಡಿತ್ತು. ಕೊನೆಗೆ ಉಳಿದದ್ದು ಆ ಅರ್ಧ ಚಾಕು. ಕಾಕಾ ಅದರ ಮೇಲಿನ ಕುಂಕುಮ ಒರೆಸಿ, ಹೊಸ್ತಿಲ ಮೇಲೆ ಇಟ್ಟರು. "ತಗೋ."

"ಧಾರಿ ಹಿಡಸಿಲ್ಲಲ್ರಿ ಕಾಕಾ?"

"ತಿರಗಸವ್ರು ಎಲ್ಲಿ ಅದಾರಪಾ?"

ಗಂಟು ಕಟ್ಟುತ್ತಿದ್ದ ಕಾಕು ತಟ್ಟನೆ ತಲೆಯೆತ್ತಿದರು. "ಯಾಕ, ನಾ ಇಲ್ಲೇನ್ರಿ?"

ಕಾಕಾ ಅವರ ಕಡೆ ನೋಡಲಿಲ್ಲ. "ನೀ ಇರಬೇಕಂತನ ಬಿಟ್ಟದ್ದು" ಎಂದರು.

ಅಷ್ಟು ದಿನ ಹೇಳದ ಮಾತು. ಕಾಕು ಗಂಟಿನ ಮೇಲೆ ಕೈಯಿಟ್ಟು ಹಾಗೇ ಕೂತರು. ಗಂಟಿನೊಳಗೆ ಹಿಡಿಕೆ ಇರುವ ಜಾಗದ ಮೇಲೇ ಅವರ ಕೈ ಇತ್ತು.

ವರ್ಷಗಳ ಮೇಲೆ ಅವರ ಊರ ಕಡೆಯವನೊಬ್ಬ ದಾದರ್ ಸ್ಟೇಷನ್ನಿನಲ್ಲಿ ಸಿಕ್ಕಿದ್ದ. ಕಾಕು ಊರಿನಲ್ಲಿ ಬಹಳ ದಿನ ಚೆನ್ನಾಗಿದ್ದು ಹೋದರಂತೆ. ಅವರ ಹಿಂದೆಯೇ ಕಾಕಾನೂ... ಲೋಕಲ್ ಬಂತು, ಅವನು ಹತ್ತಿದ, ಪೂರ್ತಿ ಕೇಳಲಾಗಲಿಲ್ಲ.

ಹೋದ ವಾರ ಮತ್ತೆ ಮೇಲೆ ಹೋಗಿ ಕಪಾಟಿನಿಂದ ಆ ಚಾಕು ತಂದು ಸಾಣೆಯವನ ಹಲಗೆಯ ಮೇಲೆ ಇಟ್ಟೆ. ಅವನು ಬಿಚ್ಚಿ, ಮಡಿಚಿ ನೋಡಿದ. ಟಕ್ ಎಂದಿತು. "ಚಾಚಾ, ಬಹುತ್ ಪುರಾನಾ ಮಾಲ್ ಹೈ. ಧಾರ್ ಲಗಾ ದೂಂ?" ಎಂದ, ಹರಿತ ಮಾಡಿಕೊಡಲೇ ಎಂದು. ಅವನ ಚಕ್ರ ಬ್ಯಾಟರಿಯ ಮೇಲೆ ತಿರುಗುತ್ತಿತ್ತು, ಅವನ ಕಿವಿಯಲ್ಲಿ ಹಾಡು ಕೇಳುವ ವಾಯರು ಇತ್ತು. ಬೇಡ ಎಂದೆ. ಅವನು ಚಾಕುವನ್ನು ನನ್ನ ಕೈಗೆ ಚಾಚಿದ. ಕೆಳಗಿಡು ಎಂದೆ. ವಿಚಿತ್ರವಾಗಿ ನೋಡಿ ಇಟ್ಟ. ಎತ್ತಿಕೊಂಡು ಬಂದೆ.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನ ಹತ್ತಿರ ಈಗ ಇರುವುದಿಷ್ಟು: ಮಲಾಡಿನಲ್ಲಿ ಸ್ವಂತ ದುಡಿಮೆಯ ಎರಡು ಖೋಲಿ, ಒಬ್ಬ ಮಗ, ಒಬ್ಬಳು ಸೊಸೆ, ಎರಡು ಪ್ಲಾಯರು, ಒಂದು ಟೆಸ್ಟರು, ಹರಿತವಿಲ್ಲದ ಒಂದು ಚಾಕು.