ಗುಂಟೆಗೆ ಕೊಂಬಿಲ್ಲ ಎಂದವರು

ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಮಾಡುತ್ತೇನೆ. ಕೊನೆಯ ವರ್ಷದ ಮಕ್ಕಳು ಎಲ್ಲಿಂದಲೋ ಇಳಿಸಿಕೊಂಡ ಆಸ್ಪತ್ರೆಯ ಲೆಕ್ಕ, ಲೈಬ್ರರಿಯ ಲೆಕ್ಕಗಳನ್ನೇ ಪ್ರಾಜೆಕ್ಟ್ ಎಂದು ತಂದುಕೊಡುವುದು ವಾಡಿಕೆ. ಆ ವರ್ಷ ಮಾತ್ರ ಮದ್ದೂರು ಕಡೆಯ ಹುಡುಗಿಯೊಬ್ಬಳು ತನ್ನ ಮನೆಯ ಜಗಳವನ್ನೇ ಪ್ರಾಜೆಕ್ಟ್ ಮಾಡಿಕೊಂಡು ಬಂದಳು.

ಅವಳ ಅಪ್ಪ, ಚಿಕ್ಕಪ್ಪ ಹೊಲ ಪಾಲು ಮಾಡಿಕೊಳ್ಳುತ್ತಿದ್ದರು. ಎರಡು ಎಕರೆ ಇಪ್ಪತ್ತೈದು ಗುಂಟೆಯ ಒಂದು ತುಂಡು, ಒಂದು ಎಕರೆ ಇಪ್ಪತ್ತು ಗುಂಟೆಯ ಇನ್ನೊಂದು. ಅವಳ ಅಣ್ಣ ಮೊಬೈಲಿನಲ್ಲಿ ಮಧ್ಯೆ ಚುಕ್ಕಿ ಇಟ್ಟು ಎರಡನ್ನೂ ಕೂಡಿದ. ಮೂರು ಪಾಯಿಂಟ್ ನಲವತ್ತೈದು ಬಂತು. ಮೊಬೈಲು ತಪ್ಪು ಹೇಳುತ್ತದೆಯೇ ಎಂದು ಹಟ ಹಿಡಿದ. ಚಿಕ್ಕಪ್ಪನಿಗೆ ರೇಗಿಹೋಯಿತು. "ನಲವತ್ತು ಗುಂಟೆಗೇ ಎಕ್ರೆ ಮುಗಿದೋಯ್ತದೆ. ಮೂರೆಕ್ರೆ ನಲವತ್ತೈದು ಗುಂಟೆ ಅನ್ನೋದು ಯಾವ ಊರ್ ಲೆಕ್ಕ ಕಣ್ಲಾ?" ಎಂದರಂತೆ. ಅವರ ಮಾತೇ ಸರಿ, ಆಗಬೇಕಾದದ್ದು ನಾಲ್ಕು ಎಕರೆ ಐದು ಗುಂಟೆ.

ಹುಡುಗಿ ಈ ಲೆಕ್ಕವನ್ನು ಸರಿಯಾಗಿ ಮಾಡುವ ಒಂದು ಪುಟ್ಟ ಮಾಡ್ಯೂಲ್ ಬರೆದಳು. ಮಾಡ್ಯೂಲ್ ಎಂದರೆ ಒಂದೇ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಪ್ರೋಗ್ರಾಮಿನ ತುಂಡು. ಬೇರೆಯವರು ಅದನ್ನು ತಂದು ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದು. ಕೂಡುವುದು, ಕಳೆಯುವುದು, ಅಣ್ಣತಮ್ಮಂದಿರಿಗೆ ಸಮನಾಗಿ ಹಂಚುವುದು ಎಲ್ಲವೂ ಅದರಲ್ಲಿತ್ತು. ನನಗೆ ಬಹಳ ಖುಷಿಯಾಯಿತು. ಇದನ್ನು ನಮ್ಮ ಲ್ಯಾಬಿನಲ್ಲೇ ಕೊಳೆಯಿಸಬಾರದು, ಲೋಕಕ್ಕೆಲ್ಲ ಸಿಗುವ ಹಾಗೆ ಪ್ಯಾಕೇಜ್ ಮಾಡೋಣ ಎಂದೆ.

ಅದಕ್ಕೆಂದೇ ಒಂದು ಸಲಕರಣೆ ಇದೆ. ಒತ್ತಲು ಗುಂಡಿಯಿಲ್ಲ, ನೋಡಲು ಚಿತ್ರವಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆಜ್ಞೆ ಟೈಪ್ ಮಾಡಬೇಕು. ಹೆಸರೇನು, ಬರೆದವರು ಯಾರು ಎಂದು ಕೇಳಿಕೊಂಡು, ಬೇಕಾದ ಕಡತಗಳನ್ನೆಲ್ಲ ಬುತ್ತಿಯ ಹಾಗೆ ಕಟ್ಟಿ, ಎಲ್ಲರಿಗೂ ಸಿಗುವ ಉಗ್ರಾಣದಲ್ಲಿ ಇಡುತ್ತದೆ. ಹುಡುಗಿ ಹೆಸರಿನ ಜಾಗದಲ್ಲಿ ಕನ್ನಡದಲ್ಲಿ 'ಗುಂಟೆ' ಎಂದು ಬರೆದಳು. ಕೆಂಪು ಸಾಲೊಂದು ಮೂಡಿತು: ಹೆಸರಿನಲ್ಲಿ ಅಮಾನ್ಯ ಅಕ್ಷರಗಳಿವೆ.

ಅವಳು ತಾನೇನೋ ತಪ್ಪು ಮಾಡಿದೆ ಎಂಬಂತೆ ನನ್ನ ಮುಖ ನೋಡಿದಳು. ನನಗೆ ಮೈ ಉರಿದದ್ದು ಆ ನೋಟಕ್ಕೆ.

ಆ ಸಲಕರಣೆ ಮಾಡಿದವರು ದೂರುಗಳನ್ನು ಬಹಿರಂಗವಾಗಿ ತೆಗೆದುಕೊಳ್ಳುತ್ತಾರೆ. ಅಲ್ಲಿ ವಿನಯದಿಂದಲೇ ಬರೆದೆ. ಮರುದಿನ ಉತ್ತರ ಬಂತು. ಇದು ದೋಷವಲ್ಲ, ಎ ಇಂದ ಝಡ್ ವರೆಗಿನ ಅಕ್ಷರ ಬಳಸಿ. ಅದರ ಕೆಳಗೇ ದೂರನ್ನು ಮುಚ್ಚಲಾಗಿದೆ ಎಂಬ ಸಾಲು. ಪುಕ್ಕಟೆ ದುಡಿಯುವ ಜನ, ಬೈಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಕೋಟಿಗಟ್ಟಲೆ ಜನ ಬರೆಯುವ ಅಕ್ಷರವನ್ನು ಅಮಾನ್ಯ ಎನ್ನಲು ಅವರಿಗೆ ಅರ್ಧ ಗಳಿಗೆಯೂ ಬೇಕಾಗಲಿಲ್ಲವಲ್ಲ ಎಂಬ ಸಿಟ್ಟು ಇಳಿಯಲಿಲ್ಲ.

ಚಾಮರಾಜನಗರದಲ್ಲಿ ಪ್ರಾಜೆಕ್ಟ್ ಪ್ರದರ್ಶನ ಹತ್ತಿರ ಬಂದಿತ್ತು. ಬೇರೆ ದಾರಿಯಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ 'gunte' ಎಂದು ಹೆಸರು ಕೊಟ್ಟೆವು. ಸಲಕರಣೆ ಮರುಮಾತಿಲ್ಲದೆ ಬುತ್ತಿ ಕಟ್ಟಿಕೊಟ್ಟಿತು.

ಪ್ರದರ್ಶನದ ದಿನ ತೀರ್ಪುಗಾರರು ನಮ್ಮ ಮೇಜಿನ ಮುಂದೆ ನಿಂತು, ಪರದೆಯ ಮೇಲಿದ್ದ ಇಂಗ್ಲಿಷ್ ಹೆಸರನ್ನು 'ಗಂಟೆ' ಎಂದು ಓದಿದರು. ಗಡಿಯಾರದ ಪ್ರಾಜೆಕ್ಟೇ, ಎಲ್ಲ ಮೊಬೈಲಿನಲ್ಲೂ ಇರುವುದನ್ನು ಮತ್ತೆ ಯಾಕೆ ಮಾಡಿದ್ದೀರಿ ಎಂದು ಕೇಳಿದರು. ಸುತ್ತ ನಿಂತವರು ನಕ್ಕರು. ಗಂಟೆಯಲ್ಲ ಸಾರ್, ಗುಂಟೆ ಎಂದಳು ಹುಡುಗಿ. ಹಾಗಾದರೆ ಸರಿಯಾಗಿ ಬರೆಯಬೇಕಲ್ಲಮ್ಮ ಎಂದರು ಅವರು.

ನನಗೆ ತಡೆಯಲಾಗಲಿಲ್ಲ. ಸರಿಯಾಗಿಯೇ ಬರೆದಿದ್ದಳು, ಸಲಕರಣೆ ಒಪ್ಪಲಿಲ್ಲ ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವರು ಸಮಾಧಾನ ಮಾಡುವವರ ಹಾಗೆ, "ಕನ್ನಡ ಇವಕ್ಕೆಲ್ಲ ಒಗ್ಗಲ್ಲ ಮೇಡಂ. ಮಕ್ಕಳ ತಲೆಗೆ ಅದನ್ನೆಲ್ಲ ಯಾಕೆ ತುಂಬ್ತೀರಿ?" ಎಂದು ಪಕ್ಕದ ಮೇಜಿಗೆ ಹೋದರು. ಮಾಡ್ಯೂಲು ಏನು ಮಾಡುತ್ತದೆಂದು ನೋಡಲೂ ಇಲ್ಲ. ದೂರದೇಶದವರಿಗಾದರೂ ನಮ್ಮ ಅಕ್ಷರ ಗೊತ್ತಿಲ್ಲ. ಗೊತ್ತಿದ್ದೂ ಹೀಗೆನ್ನುವವರಿಗೆ ಏನು ಹೇಳುವುದು?

ವಾಪಸು ಬರುವಾಗ ಬಸ್ಸು ತೆರಕಣಾಂಬಿ ದಾಟುವವರೆಗೂ ಹುಡುಗಿ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡು ಕೂತಿದ್ದಳು. "ಅಳಬ್ಯಾಡ ಕಣಮ್ಮಿ," ಎಂದೆ. ನಾನೂ ಪುಣಜನೂರಿನಲ್ಲಿ ಹುಟ್ಟಿದವಳು. ಕ್ಲಾಸಿನಲ್ಲಿ ಬಾರದ ಮಾತು ಇಂಥ ಹೊತ್ತಿನಲ್ಲಿ ತಾನಾಗಿ ಬರುತ್ತದೆ. "ಅಳ್ತಿಲ್ಲ ಮೇಡಂ," ಎಂದಳು. "ಸಿಟ್ಟು ಬಂದದೆ."

ಒಳ್ಳೆಯದಾಯಿತು ಎಂದುಕೊಂಡೆ.

ಕೆಲವು ವಾರಗಳ ಮೇಲೆ ಆ ದೂರಿನ ಪುಟದಲ್ಲಿ ಇನ್ನೊಂದು ದೂರು ಕಂಡಿತು. ಯುರೋಪಿನ ಯಾವನೋ ಒಬ್ಬ ಬರೆದಿದ್ದ. ಅವನ ಭಾಷೆಯಲ್ಲಿ ಇಂಗ್ಲಿಷ್ ಅಕ್ಷರದ ತಲೆಯ ಮೇಲೆ ಎರಡು ಚುಕ್ಕಿ ಇಡುತ್ತಾರಂತೆ. ಆ ಅಕ್ಷರವನ್ನು ಸಲಕರಣೆ ಒಪ್ಪುತ್ತಿಲ್ಲವಂತೆ. ಅವನಿಗೆ ಸಿಕ್ಕ ಉತ್ತರವೇ ಬೇರೆ. ಕ್ಷಮಿಸಿ, ನಮ್ಮಿಂದ ತಪ್ಪಾಗಿದೆ, ಕೂಡಲೇ ಸರಿಪಡಿಸುತ್ತೇವೆ. ವಾರದೊಳಗೆ ಸರಿಪಡಿಸಿಯೂ ಬಿಟ್ಟರು. ಅದೇ ಜನ, ಅದೇ ಪುಟ. ನನ್ನದು ದೋಷವಲ್ಲ, ಅವನದು ದೋಷ. ಆ ದಿನ ಮನೆಯಲ್ಲಿ ಯಾರು ಮಾತಾಡಿಸಿದರೂ ಸಿಡುಕಿದೆ.

ಆದರೂ ಆಸೆ ಬಿಡಲಿಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಈಗ ಜಾಗವಿದೆ ಎಂದು ಅವರೇ ಬರೆದುಕೊಂಡಿದ್ದರು. ಲ್ಯಾಬಿನಲ್ಲಿ ಹೊಸ ಆವೃತ್ತಿ ಹಾಕಿ ಹುಡುಗಿಯನ್ನು ಕರೆದೆ. ಅವಳು 'ಗುಂಟೆ' ಎಂದು ಬರೆದಳು. ಮತ್ತೆ ಅದೇ ಕೆಂಪು ಸಾಲು.

ಅವಳು ಎದ್ದು ಹೋಗಲಿಲ್ಲ. ಒಂದೊಂದೇ ಅಕ್ಷರ ಹಾಕಿ ನೋಡತೊಡಗಿದಳು. 'ಗ' ಎಂದರೆ ಒಪ್ಪಿತು. 'ಗು' ಎಂದರೆ ಇಲ್ಲ. 'ಸರಳ' ಆಗುತ್ತದೆ, 'ಸುಲಭ' ಆಗುವುದಿಲ್ಲ. ಕಾರಣ ನಿಧಾನವಾಗಿ ತಿಳಿಯಿತು. ಯಾವುದು ಅಕ್ಷರ, ಯಾವುದು ಅಲ್ಲ ಎಂದು ತೀರ್ಮಾನಿಸುವ ಅವರ ನಿಯಮಕ್ಕೆ ನಮ್ಮ ಮೂಲಾಕ್ಷರಗಳು ಮಾತ್ರ ಅಕ್ಷರಗಳು. ಕೊಂಬು, ಸೊನ್ನೆ, ಏತ್ವಗಳೆಲ್ಲ ಅದರ ಕಣ್ಣಿಗೆ ಎಲ್ಲಿಂದಲೋ ಬಂದು ಅಂಟಿದ ಕಸ. ಗುಂಟೆಯನ್ನು ಅವರು ಹೇಳಿದಂತೆ ಬರೆದರೆ 'ಗಟ' ಆಗುತ್ತದೆ. ಒಂದನೇ ಕ್ಲಾಸಿನಲ್ಲಿ ಕಾಗುಣಿತ ತಪ್ಪಿದ್ದಕ್ಕೆ ಬೆತ್ತದ ಏಟು ತಿಂದ ನಾನು, ಕಾಗುಣಿತವೇ ಬೇಡವೆನ್ನುವವರ ಮುಂದೆ ಕೈಕಟ್ಟಿ ನಿಲ್ಲಬೇಕೇ?

"ನಮ್ ಕೊಂಬು ಅವರ ಕಣ್ಣಿಗೆ ಬಿದ್ದಂಗಿಲ್ಲ ಮೇಡಂ," ಎಂದಳು ಹುಡುಗಿ. "ತಿವಿದೇ ತೋರಿಸ್ಬೇಕು."

ಸಲಕರಣೆಯ ಒಳಗಿನ ಬರಹವನ್ನು ಯಾರು ಬೇಕಾದರೂ ನೋಡಬಹುದು, ತಿದ್ದಿ ಕಳಿಸಬಹುದು. ಇಬ್ಬರೂ ಕೂತು ಹುಡುಕಿದೆವು. ತೊಂದರೆ ಇದ್ದದ್ದು ಒಂದೇ ಸಾಲಿನಲ್ಲಿ. ಅದನ್ನು ತಿದ್ದಿ, ಕನ್ನಡದ ಜೊತೆಗೆ ತಮಿಳು, ಮಲಯಾಳದ ಹೆಸರುಗಳನ್ನೂ ಕಟ್ಟಿ ನೋಡಿ, ಹುಡುಗಿಯ ಹೆಸರಿನಲ್ಲೇ ಕಳಿಸಿದೆವು. ಈ ಸಲ ನಾನು ವಿನಯದಿಂದ ಬರೆಯಲಿಲ್ಲ. ಎರಡು ಚುಕ್ಕಿಗೆ ಕೊಟ್ಟ ಮರ್ಯಾದೆಯನ್ನು ನಮ್ಮ ಕೊಂಬಿಗೂ ಕೊಡಿ ಎಂದು ನೇರವಾಗಿಯೇ ಬರೆದೆ.

ಅವರು ಹೊಸದೊಂದು ಅನುಮಾನ ತೆಗೆದರು. ನೋಡಲು ಒಂದೇ ತೆರನಾದ ಅಕ್ಷರಗಳಿಂದ ಮೋಸ ಮಾಡುವವರಿದ್ದಾರೆ, ಭದ್ರತೆ ಮುಖ್ಯ ಎಂದರು. ಇಂಗ್ಲಿಷಿನ ಸಣ್ಣ ಎಲ್ ಅಕ್ಷರವೂ ಒಂದು ಎಂಬ ಅಂಕಿಯೂ ಒಂದೇ ಥರ ಕಾಣುತ್ತವೆ, ಅವನ್ನು ನಿಲ್ಲಿಸಿದ್ದೀರಾ ಎಂದು ಹುಡುಗಿ ಕೇಳಿದಳು. ಅವರು ಸುಮ್ಮನೆ ಕಾಯಿಸಿದರು. ಪರೀಕ್ಷೆ ಮುಗಿಯಿತು. ಹುಡುಗಿ ಗುಂಡ್ಲುಪೇಟೆಯಲ್ಲೇ ಒಂದು ಸಹಕಾರ ಸಂಘದ ಕಂಪ್ಯೂಟರ್ ಕೆಲಸಕ್ಕೆ ಸೇರಿದಳು. ನಾನು ಬಿಡದೆ ಆಗಾಗ ಅದೇ ಪುಟಕ್ಕೆ ಹೋಗಿ, ಏನಾಯಿತು ಎಂದು ಬರೆಯುತ್ತಲೇ ಇದ್ದೆ.

ಕೊನೆಗೊಂದು ದಿನ ಒಪ್ಪಿಕೊಂಡರು. ಹೊಸ ಆವೃತ್ತಿಯ ಟಿಪ್ಪಣಿಯಲ್ಲಿ ಹುಡುಗಿಯ ಹೆಸರೂ ಇತ್ತು. ಕೆಲಸದ ವಿವರ ಮಾತ್ರ ಹೀಗಿತ್ತು: ಹೆಚ್ಚುವರಿ ಚಿಹ್ನೆಗಳಿಗೆ ಬೆಂಬಲ. ಕಾಗುಣಿತ ಹೆಚ್ಚುವರಿಯಂತೆ! ನಮ್ಮ ಪಾಲಿನ ಅನ್ನವನ್ನೇ ಹಾಕಿ, ಇದು ಹೆಚ್ಚುವರಿ ಎಂದು ಹಂಗಿಸಿದ ಹಾಗಾಯಿತು ನನಗೆ.

ಅವಳಿಗೆ ಫೋನ್ ಮಾಡಿ ಹೇಳಿದೆ. ಸಂಜೆ ಕೆಲಸ ಮುಗಿಸಿಕೊಂಡು ನೇರ ಲ್ಯಾಬಿಗೇ ಬಂದಳು. ನಾನು ಆ ಹೆಚ್ಚುವರಿಯ ಮಾತೆತ್ತಿ ಮತ್ತೆ ಕುದಿಯುತ್ತಿದ್ದರೆ, "ಓಗ್ಲಿ ಬುಡಿ ಮೇಡಂ, ಮೊದ್ಲು ಕಟ್ಟನ," ಎಂದು ಕುರ್ಚಿ ಎಳೆದುಕೊಂಡಳು. ಹೆಸರು ಬರೆದಳು. ಈ ಸಲ ಕೆಂಪು ಸಾಲು ಬರಲಿಲ್ಲ. ಉಗ್ರಾಣದ ಪುಟ ತೆರೆದರೆ, ಕನ್ನಡದಲ್ಲಿ ದುಂಡಗೆ 'ಗುಂಟೆ', ಕೆಳಗೆ ಅವಳ ಹೆಸರು. ಅವಳು ಅದರ ಫೋಟೊ ತೆಗೆದು ಚಿಕ್ಕಪ್ಪನಿಗೆ ಕಳಿಸಿದಳು.

ಕಪ್ಪು ಪರದೆಯ ಮೇಲೆ ಮಾತ್ರ ಅದೇ ಹೆಸರು ಒಡೆದುಹೋಗಿತ್ತು. ಗಕಾರ ಒಂದು ಕಡೆ, ಕೊಂಬು ಇನ್ನೊಂದು ಕಡೆ, ಸೊನ್ನೆ ಎಲ್ಲೋ. ಆ ಪರದೆಯ ಪ್ರೋಗ್ರಾಮ್ ಮಾಡುವವರು ಬೇರೆ ಜನ. ಅವರ ದೂರಿನ ಪುಟ ಎಲ್ಲಿದೆ ಎಂದು ಹುಡುಗಿ ಆಗಲೇ ಹುಡುಕುತ್ತಿದ್ದಳು.